ಶಾಣ್ಯಾ ಆದವನ ಸೋಡಚೀಟಿ

ಶಿಗ್ಗಾಂವಿ,
ತಾರಣ ಸಂವತ್ಸರ, ಆಶ್ವೀಜ ಬಹುಳ ಪಂಚಮಿ, ಶನಿವಾರ
ತಾ. ೭-೧೦-೧೯೪೪

ನಮ್ಮ ಮನೆಯವರಿಗೆ ಹಾಲವ್ವ ಮಾಡುವ ಶರಣಾರ್ಥಿ.

ಮೈಯಲ್ಲಿ ಹೇಗಿದೆ? ಹಾನಗಲ್ಲಿನ ನೀರು ಹಿಡಿಸಿದೆಯೇ? ಗುತ್ತೆವ್ವಕ್ಕ ಕೊಟ್ಟ ಎರಡು ರೊಟ್ಟಿಯಲ್ಲಿ ಒಂದನ್ನು ನಾಯಿಗೆ ಹಾಕಿ, ಬಾಯಿ ಒರೆಸಿಕೊಂಡು ಬಂದು, "ಹೊಟ್ಟಿ ತುಂಬೇತಿ" ಎನ್ನುವ ನಿಮ್ಮ ಉಪಾಯ ನನ್ನ ಮುಂದೆ ನಡೆಯುತ್ತಿರಲಿಲ್ಲ. ಅಲ್ಲಿ ನಡೆಯುತ್ತಿರಬಹುದು. ನಿಮ್ಮ ಅಕ್ಕ ಪಾಪ, ತಮ್ಮ ಹೇಳಿದ್ದನ್ನೆಲ್ಲ ನಂಬುವ ಜೀವ. ಆದ್ದರಿಂದ ನಾನೇ ಕೇಳುತ್ತೇನೆ: ನಿಜವಾಗಿ ಉಣ್ಣುತ್ತೀರಾ? ನಿದ್ದೆ ಬರುತ್ತದೆಯೇ? ತಲೆಗೆ ಎಣ್ಣೆ ಹಚ್ಚಿಕೊಂಡು ಎಷ್ಟು ದಿನವಾಯಿತು? ಇದನ್ನೆಲ್ಲ ಯಾಕೆ ಕೇಳುತ್ತಾಳೆ ಎಂದು ಗೋಡೆಗೆ ಮುಖ ಮಾಡಬೇಡಿ. ಕೇಳುವುದು ನನ್ನ ಕೆಲಸ. ಯಾರು ಏನು ಬರೆದುಕೊಟ್ಟರೂ ಈ ಹೊತ್ತಿನವರೆಗೆ ನಾನೇ ನಿಮ್ಮ ಹೆಂಡತಿ.

ಇಲ್ಲಿ ನಾವು ಆರಾಮ ಇದ್ದೇವೆ. ನಾಗವ್ವನ ಮುಂದಿನ ಎರಡು ಹಲ್ಲು ಬಿದ್ದವು. ಆರು ವರ್ಷಕ್ಕೆ ಸರಿಯಾಗಿ ಬಿದ್ದವೆಂದು ನಮ್ಮ ನೆಗೆಣ್ಣಿ ಫಕ್ಕೀರವ್ವಕ್ಕ ಹೇಳಿದಳು. ಹಲ್ಲನ್ನು ಮಾಳಿಗೆಯ ಮೇಲೆ ಎಸೆಯಲು ಕೊಡದೆ, ಅಪ್ಪನಿಗೆ ತೋರಿಸಬೇಕೆಂದು ನಿಮ್ಮ ಗುಂಡಿಯ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಾಳೆ. ಈಗ ಬಿಳಿ ಗುಂಡಿ ಹುಡುಕುವಾಗಲೆಲ್ಲ ಹಲ್ಲು ಕೈಗೆ ಬಂದು ನಿಮ್ಮ ಶಿಷ್ಯ ಗೌಸಸಾಬ ಬೆಚ್ಚಿ ಬೀಳುತ್ತಾನೆ. ಅವನು ದಿನಾ ಅಂಗಡಿಯ ಬಾಗಿಲು ತೆಗೆಯುತ್ತಾನೆ, ಗುಂಡಿಗೆ ಕಾಜಾ ಹಾಕುವುದಿದ್ದರೆ ಹಾಕುತ್ತಾನೆ, ಇಲ್ಲದಿದ್ದರೆ ಸುಮ್ಮನೆ ಕೂತು ಬೀದಿ ನೋಡುತ್ತಾನೆ. ಬಟ್ಟೆಗೆ ಕಂಟ್ರೋಲು ಬಂದ ಮೇಲೆ ಹೊಸದು ಹೊಲಿಸುವವರು ಕಡಿಮೆ, ಹಳೆಯದನ್ನು ತಿರುವಿ ಹೊಲಿಸುವವರೇ ಹೆಚ್ಚು. ನಿಮ್ಮ ಮಷೀನಿಗೆ ನಾನೇ ಎಣ್ಣೆ ಬಿಟ್ಟು ಹಾಸಿಗೆಯ ಹಳೆಯ ಚಾದರ ಹೊದಿಸಿದ್ದೇನೆ. ತುಕ್ಕು ಹಿಡಿದಿಲ್ಲ, ಆ ಚಿಂತೆ ಬೇಡ.

ಇನ್ನು ವಿಷಯಕ್ಕೆ ಬರುತ್ತೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಾದರೆ ಕ್ಷಮಿಸಿ. ಎದುರಿಗೆ ಬಂದು ಮಾತಾಡಿದರೆ ಈ ದಿನಗಳಲ್ಲಿ ನಿಮ್ಮ ಕಿವಿಗೆ ಏನೂ ಇಳಿಯುವುದಿಲ್ಲ, ಕಾಗದವಾದರೆ ನಾಲ್ಕು ಸಲ ಓದುತ್ತೀರಿ ಎಂದು ಬರೆಯಲು ಕೂತಿದ್ದೇನೆ. ಮೊನ್ನೆ ಗುರುವಾರ ನಿಮ್ಮ ಅಣ್ಣ ಉಳಿವೆಪ್ಪ ಭಾವನವರು ಹಾನಗಲ್ಲಿನಿಂದ ತಿರುಗಿ ಬಂದರು. ಕಾಲು ತೊಳೆದುಕೊಂಡವರೇ ಓಣಿಯ ಐದು ಮಂದಿ ಹಿರಿಯರನ್ನು ಪಡಸಾಲೆಗೆ ಕರೆಸಿದರು. ನನ್ನನ್ನು ಒಳಬಾಗಿಲಿನ ಹತ್ತಿರ ಕೂಡಿಸಿದರು. ನಾನು ನಿಮ್ಮ ಸುದ್ದಿ ಹೇಳುತ್ತಾರೆಂದು ಆಸೆಯಿಂದ ಕೂತೆ. ಅವರು ಕೋಟಿನ ಕಿಸೆಯಿಂದ ಒಂದು ಕಾಗದ ತೆಗೆದು, ಗಂಟಲು ಸರಿಮಾಡಿಕೊಂಡು ಓದತೊಡಗಿದರು. ನಿಮ್ಮ ಅಕ್ಷರ. ನೀವು ನನಗೆ ಬರೆದುಕೊಟ್ಟ ಸೋಡಚೀಟಿ.

"ನಾನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಹೆಂಡತಿಯನ್ನು ಬಿಟ್ಟುಕೊಟ್ಟಿರುತ್ತೇನೆ. ಇವಳಲ್ಲಿ ಯಾವ ತಪ್ಪೂ ಇಲ್ಲ. ನಾನು ಮುಟ್ಟಿದ್ದೆಲ್ಲ ಕೆಡುತ್ತದೆ. ಬಾಯಿ ಬಿಟ್ಟು ಹೇಳದಿದ್ದರೂ ಇವಳು ನನ್ನಿಂದ ಬೇಸತ್ತಿದ್ದಾಳೆ. ಇನ್ನು ಮೇಲೆ ಇವಳು ಬೇಕಾದಲ್ಲಿ ಉಡಿಕೆ ಮಾಡಿಕೊಂಡು ಬೇರೆ ಸಂಸಾರ ಹೂಡಬಹುದು." ಸ್ವಸಂತೋಷವಂತೆ! ನಿಮ್ಮ ಸಂತೋಷ ಎನ್ನುವುದನ್ನು ನಾನು ಜ್ಯೇಷ್ಠದಿಂದ ಈಚೆಗೆ ಕಣ್ಣಿನಿಂದ ನೋಡಿಲ್ಲ. ಅದು ಹಾನಗಲ್ಲಿನಲ್ಲಿ ಇಷ್ಟು ದಿನ ಇತ್ತೆಂದರೆ ನನಗೂ ಒಂದಿಷ್ಟು ಕಳಿಸಬಹುದಾಗಿತ್ತು.

ಓದಿ ಮುಗಿಯುವುದರೊಳಗೆ ಗಾಣದ ಅಜ್ಜಪ್ಪನವರು ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡರು. "ಏನ್ ಶಾಣ್ಯಾ ಆಗ್ಯಾನ ನೋಡ್ರಿ ಹುಡುಗ! ಎಷ್ಟ ನಮ್ರ ಆಗ್ಯಾನ! ತನ್ನ ತಪ್ಪ ತಾನ ಒಪ್ಪಿಕೊಂಡಾನ. ಹುಚ್ಚ ಇಳೀತ ಬಿಡ್ರಿ ಉಳಿವೆಪ್ಪ" ಎಂದರು. ಉಳಿದ ನಾಲ್ವರೂ ಹೌದು ಹೌದು ಎಂದು ತಲೆಯಾಡಿಸಿದರು. ಭಾವನವರು ಒಳಗೆ ಹೋಗಿ, ಹಬ್ಬಕ್ಕೆಂದು ಇಟ್ಟಿದ್ದ ಕಂಟ್ರೋಲಿನ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದರು. ನಿಮಗೆ ಬುದ್ಧಿ ಬಂದ ಸಂತೋಷಕ್ಕೆ ಸಕ್ಕರೆ! ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, "ಹಾಲವ್ವಾ, ತಾಳಿ ಬಿಚ್ಚಿ ಇಡವಾ. ದೀಪಾವಳಿ ಮುಗದ ಮ್ಯಾಲೆ ನಿಮ್ಮಣ್ಣ ಹಿರೇಕೆರೂರಿಂದ ಬಂದು ಕರಕೊಂಡ ಹೋಗ್ತಾನ. ಕೂಸು ಇಲ್ಲೇ ಇರ್ಲಿ" ಎಂದರು. ನನ್ನ ಪಾಲಿನ ಸಕ್ಕರೆಯನ್ನೂ ಕೊಡಲು ಬಂದರು, ನಾನು ಕೈ ಒಡ್ಡಲಿಲ್ಲ.

ಭಾವನವರು ಕೆಟ್ಟವರಲ್ಲ, ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ನಾಲ್ಕು ಬೈದು ಹಗುರಾಗುತ್ತಿದ್ದೆ. ಅವರು ನಿಜವಾಗಿಯೂ ನಿಮಗೆ ವಾಸಿಯಾಯಿತೆಂದು ನಂಬಿದ್ದಾರೆ. ಕೂಗಾಡುವುದಿಲ್ಲ, ಓಡುವುದಿಲ್ಲ, ಕೂತಲ್ಲಿ ಕೂರುತ್ತೀರಿ, ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತೀರಿ, ಕೇಳಿದ್ದಕ್ಕೆಲ್ಲ "ತಪ್ಪ ನಂದ" ಎನ್ನುತ್ತೀರಿ. ಇದಕ್ಕೆ ನಮ್ಮ ಊರಲ್ಲಿ ಶಾಣ್ಯಾತನ ಎನ್ನುತ್ತಾರೆ. ಒಬ್ಬ ಮನುಷ್ಯ ತನ್ನನ್ನು ತಾನು ಎಷ್ಟು ಬೈದುಕೊಂಡರೆ ಅಷ್ಟು ಶಾಣ್ಯಾ! ಈ ಅಳತೆಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನು ಎದುರಿಗೆ ಸಿಕ್ಕರೆ ಎರಡು ಮಾತು ಕೇಳಬೇಕಾಗಿದೆ.

ಫಾಲ್ಗುಣದಲ್ಲಿ ಏನಾಯಿತೆಂದು ನಿಮಗೆ ನೆನಪಿದೆಯೋ ಇಲ್ಲವೋ. ನೆನಪಿದ್ದರೂ ಅದರಲ್ಲಿ ನಾಚಿಕೆಯಾಗುವಂಥದ್ದು ಮಾತ್ರ ನೆನಪಿರುತ್ತದೆ, ಆದ್ದರಿಂದ ನಾನು ಪೂರ್ತಿ ಹೇಳುತ್ತೇನೆ. ಪಲ್ಟಣಿನ ಸಿಪಾಯಿಗಳಿಗೆಲ್ಲ ಅಂಗಿ ಹೊಲಿಯುವ ಹುಕುಂ ನಿಮಗೇ ಬರುತ್ತದೆ ಎಂದು, ಯಾರೋ ಹೊಲಿಯಲು ಕೊಟ್ಟ ಇಪ್ಪತ್ತು ಗಜ ಖಾಕಿಯನ್ನು ಒಂದೇ ದಿನ ಕತ್ತರಿಸಿ ಹಾಕಿದಿರಿ. ಸವಣೂರಿಗೆ ಹೋಗಿ ಅಲ್ಲಿಯ ದರಬಾರಿನವರಿಗೆಲ್ಲ ಎಂಟು ದಿನದಲ್ಲಿ ಶೇರವಾಣಿ ಹೊಲಿದು ಕೊಡುತ್ತೇನೆಂದು ಪಹರೆಯವನಿಗೆ ಹೇಳಿ, ಅವನು ನಕ್ಕದ್ದನ್ನೇ ಒಪ್ಪಿಗೆ ಎಂದು ತಿಳಿದು, ಒಂದು ಬುಟ್ಟಿ ವೀಳ್ಯದೆಲೆ ಕೊಂಡು ದಾರಿಯುದ್ದಕ್ಕೂ ಹಂಚಿಕೊಂಡು ಬಂದಿರಿ. ಬಳೆಗಾರನಿಗೆ ನಿಮ್ಮ ಮದುವೆಯ ರುಮಾಲು ಬಿಚ್ಚಿ ಕೊಟ್ಟಿರಿ. ಅಂಗಡಿಯನ್ನೇ ಗೌಸಸಾಬನಿಗೆ ದಾನ ಮಾಡಿದ್ದೇನೆಂದು ಕಾಗದ ಬರೆದು ಸಹಿ ಹಾಕಿದಿರಿ. ಪಾಪ, ಅವನು ಆ ಕಾಗದ ಹಿಡಿದುಕೊಂಡು ಅಳುತ್ತ ನನ್ನ ಹತ್ತಿರ ಬಂದ. "ಅಕ್ಕಾ, ಅಣ್ಣಾರಿಗೆ ಹುಷಾರಿಲ್ರಿ, ಇದನ್ನ ಇಟಗೋರಿ" ಎಂದ. ಭಾವನವರು ನೋಡಿ ಚರಚರ ಹರಿದು ಒಲೆಗೆ ಹಾಕಿದರು. "ಹುಚ್ಚನ ಸಹಿಗೇನ ಕಿಮ್ಮತ್ತ?" ಎಂದರು. ಒಪ್ಪಿದೆ. ಸರಿಯಾಗಿಯೇ ಮಾಡಿದರು.

ಆದರೆ ಅದೇ ಫಾಲ್ಗುಣದಲ್ಲಿ ನೀವು ಇನ್ನೊಂದು ಮಾತು ಹೇಳಿದಿರಿ. ಮಾವನವರ ಕಾಲದ ಅಳತೆಯ ಟೇಪು ಹಿಡಿದು ಪೇಟೆಯ ನಡುವೆ ನಿಂತು, "ನಮ್ಮ ಟೇಪ ಸುಳ್ಳ ಹೇಳಾಕತ್ತೈತಿ! ಇಡೀ ಶಿಗ್ಗಾಂವಿ ಬಿಗಿ ಅಂಗಿ ತೊಟ್ಕೊಂಡ ತಿರಗಾಕತ್ತೈತಿ!" ಎಂದು ಕೂಗಿದಿರಿ. ಪೇಟೆ ಬಿದ್ದು ಬಿದ್ದು ನಕ್ಕಿತು. ಆವತ್ತೇ ಸಂಜೆ ನಿಮ್ಮನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದರು. ನಾನು ನೀರು ಕುಡಿಸಲು ಬಂದರೆ, "ಹಾಲಿ, ಟೇಪ ನೋಡ, ಅರ್ಧ ಇಂಚ ಕಮ್ಮಿ ಐತಿ" ಎಂದು ಅದನ್ನೇ ಹೇಳುತ್ತಿದ್ದಿರಿ. ಮರುದಿನ ಗೌಸಸಾಬ ಸಾಲೆಯಿಂದ ಫೂಟಪಟ್ಟಿ ತಂದು ಟೇಪಿಗೆ ಹಚ್ಚಿ ನೋಡಿದ. ತುದಿಯ ಹಿತ್ತಾಳೆಯ ಪಟ್ಟಿ ಯಾವ ಕಾಲದಲ್ಲೋ ಬಿದ್ದುಹೋಗಿ ಅರ್ಧ ಇಂಚು ನಿಜವಾಗಿಯೂ ಕಡಿಮೆ ಇತ್ತು. ಭಾವನವರು ಹುಬ್ಬಳ್ಳಿಗೆ ಹೋಗುವವರ ಕೈಯಲ್ಲಿ ಹೊಸ ಟೇಪು ತರಿಸಿದರು. ನೀವು ಹೇಳಿದ್ದು ಖರೆ ಎಂದು ಇವತ್ತಿನವರೆಗೆ ಒಬ್ಬರೂ ಬಾಯಿ ಬಿಟ್ಟು ಹೇಳಿಲ್ಲ. ಕೂಗುವವನು ಹೇಳಿದ್ದು ಖರೆ ಇರಬಾರದು, ಅಷ್ಟೇ.

ಈಗ ಎರಡನೆಯದನ್ನು ಕೇಳಿ. ಜ್ಯೇಷ್ಠದಲ್ಲಿ ನಿಮ್ಮ ಕಾಲು ಭಾರವಾಯಿತು, ಮಾತು ಕಡಿಮೆಯಾಯಿತು. ಮಷೀನಿನ ಮುಂದೆ ಕೂತು, ಹೊಲಿದದ್ದನ್ನೇ ಬಿಚ್ಚುತ್ತಿದ್ದಿರಿ. ಗೌಸಸಾಬ ಹತ್ತು ಅಂಗಿ ತಂದು ಮುಂದಿಟ್ಟರೆ ಒಂಬತ್ತರ ಮೇಲೆ ನಿಮ್ಮ ಕಣ್ಣು ನಿಲ್ಲುತ್ತಿರಲಿಲ್ಲ, ಹತ್ತನೆಯದರ ಒಂದು ಸೊಟ್ಟ ಕಾಜಾ ಕಂಡುಹಿಡಿದು, ಅದನ್ನೇ ತಿಕ್ಕುತ್ತ, "ನಾ ಎಂದೂ ಒಂದ ಅಂಗಿ ಸರಿ ಹೊಲದಿಲ್ಲ" ಎನ್ನುತ್ತಿದ್ದಿರಿ. ಆ ಕಾಜಾ ಗೌಸಸಾಬ ಹಾಕಿದ್ದು, ನೀವು ಹಾಕಿದ್ದೇ ಅಲ್ಲ. ಹೇಳಿದರೆ, ಅವನಿಗೆ ಸರಿಯಾಗಿ ಕಲಿಸದೆ ಇದ್ದದ್ದು ನಿಮ್ಮ ತಪ್ಪಂತೆ. ನಾಗವ್ವ ನಕ್ಕರೆ ಅಪ್ಪನ ಮೇಲೆ ಕರುಣೆಯಿಂದ ನಗುತ್ತಾಳೆ, ಅತ್ತರೆ ಅಪ್ಪನ ದೆಸೆಯಿಂದ ಅಳುತ್ತಾಳೆ. ನಾನು ಸುಮ್ಮನಿದ್ದರೆ ಸಿಟ್ಟು, ಮಾತಾಡಿದರೆ ಸಿಟ್ಟು ಮುಚ್ಚಿಡುವ ಆಟ. ಒಂದು ದಿನ ಪಲ್ಯಕ್ಕೆ ಉಪ್ಪು ಮರೆತೆ. ಅದಕ್ಕೂ ನಿಮ್ಮದೇ ಕಾಲಗುಣ ಎಂದಿರಿ. ನನ್ನ ಅಡಿಗೆಯ ತಪ್ಪನ್ನಾದರೂ ನನಗೆ ಬಿಟ್ಟುಕೊಡಬಾರದೆ?

ಆ ದಿನಗಳಲ್ಲಿಯೇ ಹಿರೇಬೆಂಡಿಗೇರಿಯ ಸರೋಜವ್ವನ ಮಾತು ತೆಗೆದಿರಿ. ಮಾಘದಲ್ಲಿ ಅವಳ ಮದುವೆಯ ಕುಪ್ಪಸ ನೀವು ಹೊಲಿದಿರಿ, ಕಂಕುಳಲ್ಲಿ ಬಿಗಿಯಾಯಿತು. ಶ್ರಾವಣದಲ್ಲಿ ಅವಳ ಗಂಡ ತೀರಿಕೊಂಡ. "ಮದವಿ ಕುಬಸ ನಾ ಕೆಡಿಸಿದೆ, ಅದಕ್ಕ ಅಕಿ ಮುತ್ತೈದಿತನ ಹೋತು" ಎಂದು ಮೂರು ದಿನ ಅನ್ನ ಬಿಟ್ಟಿರಿ. ಯಾರಾದರೂ ನಕ್ಕು ಇಂಥ ಮಾತು ತಳ್ಳಿಹಾಕುತ್ತಾರೆಂದು ನಾನು ಕಾದೆ. ಫಾಲ್ಗುಣದಲ್ಲಿ ಖರೆ ಮಾತಿಗೆ ನಕ್ಕವರಲ್ಲವೇ ಇವರು! ಒಬ್ಬರೂ ನಗಲಿಲ್ಲ. ಫಕ್ಕೀರವ್ವಕ್ಕ ಗದ್ದಕ್ಕೆ ಕೈ ಹಚ್ಚಿ, "ಹೌದ ಮತ್ತ, ಆವತ್ತ ಇಂವ ಕತ್ತರಿ ಖಾಲಿ ಆಡಸ್ತಿದ್ದ, ಅದು ಅಪಶಕುನ, ನಾ ನೋಡೇನಿ" ಎಂದಳು. ಭಾವನವರು, "ಆಗಿದ್ದ ಆತು, ತಪ್ಪ ಗೊತ್ತಾತಲ್ಲ, ಅದ ದೊಡ್ಡದು" ಎಂದರು. ಅರ್ಧ ಇಂಚಿನ ಖರೆಗೆ ಕೊಟ್ಟಿಗೆಯ ಕಂಬ, ಇಷ್ಟುದ್ದದ ಸುಳ್ಳಿಗೆ ಶಾಬಾಸಕಿ. ನಾನು ಹೇಗೆ ಸಹಿಸಲಿ ಹೇಳಿ.

ನಾನು ಸಹಿಸಲಿಲ್ಲ. ನಿಮ್ಮನ್ನು ಭಾದ್ರಪದದಲ್ಲಿ ಹಾನಗಲ್ಲಿಗೆ ಒಯ್ದ ಮೇಲೆ ಒಂದು ದಿನ ಹಿರೇಬೆಂಡಿಗೇರಿಗೆ ಹೋದೆ. ನಿಮಗೆ ಹೇಳಿರಲಿಲ್ಲ. ಸರೋಜವ್ವ ತವರಿನಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು, ಮೈಮೇಲೆ ಅದೇ ಕುಪ್ಪಸ. ನಾನು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಅವಳು ನನ್ನನ್ನೇ ನೋಡಿದಳು. "ಅಕ್ಕಾರ, ಕುಬಸ ಬಿಗಿ ಇತ್ತ ಖರೆ. ಬಗಲಾಗಿನ ಹೊಲಿಗಿ ಬಿಚ್ಚಿ ನಾನ ಸಡ್ಲ ಮಾಡ್ಕೊಂಡೇನಿ. ಅವರು ಹೋಗಿದ್ದಕ್ಕ ಕುಬಸ ಏನ ಮಾಡೀತ್ರಿ? ವಾಂತಿ ಭೇದಿ ಹತ್ತಿ ಅದ ವಾರದಾಗ ನಮ್ಮ ಊರಾಗ ನಾಕ ಮಂದಿ ಹೋದ್ರು" ಎಂದಳು. ಉಳಿದ ಮೂವರ ಹೆಂಡಿರ ಕುಪ್ಪಸವನ್ನೂ ನೀವೇ ಹೊಲಿದಿದ್ದಿರಾ? ಅದರಲ್ಲೊಬ್ಬ ಮುದುಕನಿಗೆ ಹೆಂಡತಿ ಸತ್ತು ಇಪ್ಪತ್ತು ವರ್ಷವಾಗಿತ್ತಂತೆ. ಆ ಹುಡುಗಿ ತನ್ನ ದುಃಖ ಬದಿಗಿಟ್ಟು, "ಅಣ್ಣಾರಿಗೆ ಮನಸಿಗೆ ಹಚ್ಕೋಬ್ಯಾಡ ಅಂತ ಹೇಳ್ರಿ" ಎಂದು ಸೆರಗಿಗೆ ಎರಡು ಬೊಗಸೆ ಶೇಂಗಾ ಹಾಕಿ ಕಳಿಸಿದಳು. ನಿಮಗೆ ಕಳಿಸಬೇಕೆಂದಿದ್ದೆ, ನಾಗವ್ವ ತಿಂದು ಮುಗಿಸಿದಳು.

ದಾರಿಯಲ್ಲಿ ನಡೆದು ಬರುತ್ತ ನನಗೊಂದು ಹೊಳೆಯಿತು. ವೈಶಾಖದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದಾಗ ನೀವು ಅಂಗಳದಲ್ಲಿ ಕುಣಿದು, "ನಾ ಕರದೆ, ಬಂತು!" ಎಂದಿರಿ. ಆಷಾಢದಲ್ಲಿ ಹನ್ನೆರಡು ದಿನ ಮಳೆ ಹೋದಾಗ, "ನಾ ಇದ್ದ ಊರಿಗೆ ಮಳಿ ಹೆಂಗ ಬಂದೀತು" ಎಂದಿರಿ. ನನ್ನ ದೊರೆಯೇ, ಎರಡು ಸಲವೂ ಮಳೆ ನಿಮ್ಮನ್ನು ಕೇಳಿ ಬರಲಿಲ್ಲ, ಕೇಳಿ ಹೋಗಲಿಲ್ಲ. ಜನ ಫಾಲ್ಗುಣದ ನೀವು ಬೇರೆ, ಆಷಾಢದ ನೀವು ಬೇರೆ, ಒಬ್ಬ ಹುಚ್ಚ, ಒಬ್ಬ ಶಾಣ್ಯಾ ಎಂದು ತಿಳಿದಿದ್ದಾರೆ. ಹನ್ನೆರಡು ವರ್ಷ ಜೊತೆಯಲ್ಲಿ ಉಂಡ ನನಗೆ ಅದು ಒಂದೇ ಬೇನೆ ಎಂದು ಕಾಣುತ್ತದೆ. ಆ ತುಂಡಾದ ಟೇಪು ನಿಮ್ಮ ತಲೆಯೊಳಗೂ ಒಂದಿದೆ. ಒಂದು ಕಾಲದಲ್ಲಿ ಅದು ನಿಮ್ಮನ್ನು ಊರಿಗಿಂತ ದೊಡ್ಡವರೆಂದು ಅಳೆಯುತ್ತದೆ, ಇನ್ನೊಂದು ಕಾಲದಲ್ಲಿ ಇರುವೆಗಿಂತ ಸಣ್ಣವರೆಂದು ಅಳೆಯುತ್ತದೆ. ಕೈ ನಿಮ್ಮದೇ, ಬಟ್ಟೆ ಅದೇ, ಟೇಪು ಮಾತ್ರ ಕೆಟ್ಟಿದೆ. ಕೆಟ್ಟ ಟೇಪಿನ ಮಾತು ಕೇಳಿ ಹೆಂಡತಿಯನ್ನು ಕತ್ತರಿಸಿ ಹಾಕುತ್ತಾರೆಯೇ?

ಹಿರಿಯರ ಮುಂದೆ ನಾನು ಸುಮ್ಮನೆ ಕೂರಲಿಲ್ಲ, ಅದನ್ನೂ ತಿಳಿಸುತ್ತೇನೆ, ನಾಳೆ ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವುದು ಬೇಡ. ಸೆರಗು ಸರಿಮಾಡಿಕೊಂಡು ಎದ್ದು ನಿಂತು ಕೇಳಿದೆ: "ಫಾಲ್ಗುಣದಾಗ ಇವರು ಬರದ ಕಾಗದ ಹುಚ್ಚನ ಕಾಗದ ಅಂತ ಒಲಿಗೆ ಹಾಕಿದ್ರಿ. ಇದೂ ಅದ ಕೈ ಬರದದ್ದು. ಇದನ್ನ ಯಾಕ ಕಿಸೇದಾಗ ಇಟಗೊಂಡೀರಿ?" ಭಾವನವರು, "ಆಗ ಅಂವಗ ಖಬರ ಇರ್ಲಿಲ್ಲ. ಈಗ ಶಾಂತ ಅದಾನ, ತಿಳದ ಬರದಾನ" ಎಂದರು. "ಸರೋಜವ್ವನ ಗಂಡನ್ನ ಕುಬಸ ಕೊಂದಿತು ಅಂತಾರಲ್ರಿ, ಅದೂ ತಿಳದ ಹೇಳಿದ್ದೇನ್ರಿ?" ಎಂದೆ. ಅಜ್ಜಪ್ಪನವರು ಹೆಂಗಸರು ಇಷ್ಟು ಮಾತಾಡಬಾರದೆಂದು ನೆನಪು ಮಾಡಿಕೊಟ್ಟರು. ನಾನು ತಾಳಿ ಬಿಚ್ಚುವುದಿಲ್ಲ, ಹಿರೇಕೆರೂರಿಗೆ ಹೋಗುವುದಿಲ್ಲ, ಎತ್ತಿಕೊಂಡು ಹೋಗಿ ಹಾಕಿದರೂ ನಡೆದು ತಿರುಗಿ ಬರುತ್ತೇನೆ ಎಂದು ಹೇಳಿ ಒಳಗೆ ಬಂದು ರೊಟ್ಟಿ ಬಡಿದೆ. ಆ ದಿನ ರೊಟ್ಟಿಯ ಸದ್ದಿಗೆ ಓಣಿಯ ನಾಯಿಗಳೂ ಸುಮ್ಮನಾಗಿದ್ದವು.

ಈಗ ನಿಮ್ಮ ಮೇಲಿನ ಸಿಟ್ಟು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ನಾನು ನಿಮ್ಮಿಂದ ಬೇಸತ್ತಿದ್ದೇನೆ ಎಂದು ಬರೆದಿರಲ್ಲ, ನನ್ನನ್ನು ಕೇಳಿದಿರಾ? ನನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗಿಂತ ಮೊದಲು ನೀವೇ ಓದಿ, ನೀವೇ ತೀರ್ಪು ಬರೆದು, ಪಂಚರಿಗೆ ಕಳಿಸಿಕೊಟ್ಟಿರಿ. ಬೇಸರ ಬಂದದ್ದು ಸುಳ್ಳಲ್ಲ. ರುಮಾಲು ಕೊಟ್ಟು ಬಂದ ದಿನ ಬೇಸರ ಬಂದಿತ್ತು, ಮೂರು ದಿನ ಅನ್ನ ಬಿಟ್ಟಾಗ ಅದಕ್ಕಿಂತ ಹೆಚ್ಚು ಬಂದಿತ್ತು. ಬೇಸರ ಬಂದವರೆಲ್ಲ ಉಡಿಕೆಗೆ ಹೊರಟರೆ ಶಿಗ್ಗಾಂವಿಯಲ್ಲಿ ಒಂದು ಸಂಸಾರವೂ ಉಳಿಯಲಿಕ್ಕಿಲ್ಲ. ನೀವು ಮುಟ್ಟಿದ್ದೆಲ್ಲ ಕೆಡುತ್ತದೆ ಎಂದೂ ಬರೆದಿದ್ದೀರಿ. ಈ ಕಾಗದ ಬರೆಯುತ್ತಿರುವ ಕೈ ನೋಡಿ. ನಾಲ್ಕು ವರ್ಷದ ಹಿಂದೆ, ಆಗಲೂ ನಿಮ್ಮ ತಲೆ ಗಿರಿಗಿಟ್ಟಲೆಯ ಹಾಗೆ ತಿರುಗುತ್ತಿದ್ದ ಕಾಲ, ಒಂದೇ ತಿಂಗಳಿನಲ್ಲಿ ಹೆಂಡತಿಗೆ ಓದು ಬರಹ ಕಲಿಸುತ್ತೇನೆಂದು ಹಟ ಹಿಡಿದು, ಬಟ್ಟೆಗೆ ಗೆರೆ ಹಾಕುವ ಸುಣ್ಣದ ಬಳಪದಿಂದ ಅಡಿಗೆಮನೆಯ ಗೋಡೆಯನ್ನೆಲ್ಲ ಅಕ್ಷರ ಮಾಡಿದಿರಿ. ಒಂದು ತಿಂಗಳಲ್ಲಿ ಬರಲಿಲ್ಲ, ನಾಲ್ಕು ತಿಂಗಳಾಯಿತು. ಆದರೆ ಬಂತು. ಇದು ಕೆಟ್ಟದ್ದೇ? ಕೆಟ್ಟಿದ್ದರೆ ನೀವು ಬರೆದದ್ದನ್ನು ಅಲ್ಲಗಳೆಯಲು ನಾನು ಇವತ್ತು ಯಾರ ಕೈಕಾಲು ಹಿಡಿಯಬೇಕಾಗಿತ್ತು?

ಗೌಸಸಾಬನ ಅತ್ತೆಯ ಮಗನಿಗೂ ನಿಮ್ಮ ಹಾಗೆಯೇ ಆಗುತ್ತಿತ್ತಂತೆ. ಧಾರವಾಡದ ದವಾಖಾನೆಯಲ್ಲಿ ಏಳು ತಿಂಗಳು ಇದ್ದು ಬಂದ. ಪೂರ್ತಿ ಹೋಗಿಲ್ಲ, ಆದರೆ ಬೇನೆ ಬರುವ ಮೊದಲೇ ಮನೆಯವರಿಗೆ ಗುರುತು ಸಿಗುತ್ತದೆ, ಒಬ್ಬನೇ ಇರಲು ಬಿಡುವುದಿಲ್ಲ. ಈಗ ಸವಣೂರಿನ ಎಲೆತೋಟದಲ್ಲಿ ಬಳ್ಳಿ ಕಟ್ಟುತ್ತಾನೆ, ಉಣ್ಣುತ್ತಾನೆ, ನಗುತ್ತಾನೆ. ನಿಮ್ಮನ್ನೂ ಅಲ್ಲಿ ತೋರಿಸೋಣವೆಂದು ಫಾಲ್ಗುಣದಲ್ಲಿ ಭಾವನವರ ಕಾಲಿಗೆ ಬಿದ್ದೆ. "ಹುಚ್ಚರ ದವಾಖಾನಿಗೆ ಕಳಿಸಿ ಮನಿತನದ ಮಾನ ಕಳೀಲೇನು?" ಎಂದರು. ಮೊನ್ನೆ ಮತ್ತೆ ಕೇಳಿದೆ. "ಈಗ ಶಾಣ್ಯಾ ಆಗ್ಯಾನಲ್ಲ, ದವಾಖಾನಿ ಯಾಕ?" ಎಂದರು. ಕೂಗುವಾಗ ಮಾನ ಅಡ್ಡ ಬರುತ್ತದೆ, ಸುಮ್ಮನಿರುವಾಗ ಶಾಣ್ಯಾತನ ಅಡ್ಡ ಬರುತ್ತದೆ. ಇನ್ನು ಇವರನ್ನು ಕೇಳುವುದಿಲ್ಲ. ಹಬ್ಬವಾದ ಮೇಲೆ ನಾನೇ ಬಂದು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ, ಗೌಸಸಾಬ ಜೊತೆಗೆ ಬರುತ್ತೇನೆಂದಿದ್ದಾನೆ.

ಅಲ್ಲಿಯವರೆಗೆ ಎರಡು ರೊಟ್ಟಿಯನ್ನೂ ನೀವೇ ತಿನ್ನಿ. ಗುತ್ತೆವ್ವಕ್ಕನಿಗೆ ನನ್ನ ಶರಣಾರ್ಥಿ ತಿಳಿಸಿ. ನಾಗವ್ವ ತನ್ನ ಹೆಸರು ತಾನೇ ಬರೆಯುತ್ತೇನೆಂದು ಕಾಗದದ ಅಂಚಿನಲ್ಲಿ ಏನೋ ಗೀಚಿದ್ದಾಳೆ, 'ವ್ವ' ಬಾರದೆ ಅಳುತ್ತಿದ್ದಾಳೆ, ಅದಕ್ಕೆ ಕಾರಣ ನೀವಲ್ಲ, ಒತ್ತಕ್ಷರ. ತಾಯಿ ಎಲ್ಲಮ್ಮನೂ ಶಿವನೂ ನಿಮ್ಮನ್ನು ಕಾಯಲಿ.

ನಿಮ್ಮ ಚೀಟಿಯನ್ನು ಒಪ್ಪದ,
ಹಾಲವ್ವ

ತಾ.ಕ.: ಹಾನಗಲ್, ರವಿವಾರ ಮಧ್ಯಾಹ್ನ. ಮೊದಲು ಇದನ್ನು ಓದಿ. ಕೆಟ್ಟ ಸುದ್ದಿ ಕೊನೆಗಿರುತ್ತದೆಂದು ನೀವು ಹೇಗೂ ಕಾಗದವನ್ನು ಕೊನೆಯಿಂದಲೇ ನೋಡುತ್ತೀರಿ. ಇವತ್ತು ಬೆಳಿಗ್ಗೆ ಫಕ್ಕೀರವ್ವಕ್ಕ ಭಾವನವರ ಪೆಟ್ಟಿಗೆಯಿಂದ ನಿಮ್ಮ ಚೀಟಿ ತೆಗೆದು ನನ್ನ ಕೈಗಿಟ್ಟಳು. "ಕಡೀ ಸಾಲ ಇವರು ಅವತ್ತ ಓದಲಿಲ್ಲವಾ. ವೈರಾಗ್ಯದ ಮಾತು, ಬಿಡು ಅಂದ್ರು. ಏನ ಬರದಾನ ಅಂತ ಅವರ ಬಾಯಿಂದ ಕೇಳಿದಾಗಿಂದ ನನಗ ನಿದ್ದಿ ಇಲ್ಲ, ನೀನ ಓದು" ಎಂದಳು. ಓದಿದೆ. "ಅಮಾವಾಸ್ಯೆಯೊಳಗೆ ಎಲ್ಲರಿಗೂ ನನ್ನಿಂದ ಬಿಡುಗಡೆ. ನಾಗವ್ವನಿಗೆ ಹೇಳಬೇಡಿರಿ." ಇದು ವೈರಾಗ್ಯವಂತೆ! ಮಗುವನ್ನು ಫಕ್ಕೀರವ್ವಕ್ಕನ ಮಡಿಲಿಗೆ ಹಾಕಿ, ಟಪಾಲಿನ ದಾರಿ ನೋಡದೆ, ಇದ್ದಲಿನಿಂದ ಓಡುವ ಮೋಟಾರು ಹತ್ತಿ ಗೌಸಸಾಬನ ಜೊತೆ ಬಂದಿದ್ದೇನೆ. ನಿನ್ನೆಯಿಂದ ನೀವು ಕೋಣೆಯ ಚಿಲಕ ಹಾಕಿಕೊಂಡು ಕೂತಿದ್ದೀರಿ, ಕರೆದರೆ ಹೂಂ ಎನ್ನುವುದು ಬಿಟ್ಟು ಮಾತಿಲ್ಲ ಎಂದು ಗುತ್ತೆವ್ವಕ್ಕ ಅಳುತ್ತಿದ್ದಾರೆ. ನಾನು ನಿಮ್ಮ ಬಾಗಿಲಿಗೆ ಬೆನ್ನು ಹಚ್ಚಿ ಕೂತು ಇದನ್ನು ಸೀಸಕಡ್ಡಿಯಿಂದ ಗೀಚುತ್ತಿದ್ದೇನೆ, ಈಗ ಸಂದಿಯಿಂದ ಒಳಗೆ ತಳ್ಳುತ್ತೇನೆ. ನಿಮ್ಮ ತಲೆ ಈಗ ಏನು ಹೇಳುತ್ತಿದೆಯೋ ಅದು ಖರೆ ಅಲ್ಲ. ನನ್ನ ಮುಖ ನೋಡುವುದು ಬೇಡ, ಮಾತಾಡುವುದು ಬೇಡ, ಚಿಲಕ ತೆಗೆದರೆ ಸಾಕು. ನಾಳೆಯೇ ಧಾರವಾಡಕ್ಕೆ ಹೋಗೋಣ. ತೆಗೆಯದಿದ್ದರೆ, ಹನ್ನೆರಡು ವರ್ಷ ಒಡಪಿನ ಪದದಲ್ಲಿ ಬಿಟ್ಟು ಬೇರೆ ಎಲ್ಲಿಯೂ ನನ್ನ ಬಾಯಿಂದ ಬಾರದ ನಿಮ್ಮ ಹೆಸರನ್ನು ಈ ಓಣಿಯೆಲ್ಲ ಕೇಳುವ ಹಾಗೆ ಕೂಗುತ್ತೇನೆ. ಇಗೋ, ಬರೆದೂಬಿಟ್ಟೆ: ಗೋಣೆಪ್ಪಾ, ಬಾಗಲಾ ತಗಿ.